ಶರಣ ಸಂಗದಲ್ಲಿ ಆರೋಗ್ಯದ ಎಚ್ಚರ



2020ರ ಏಪ್ರಿಲ್ 26ರ ಬಸವ ಜಯಂತಿಯನ್ನೂ 2021ರ ಮೇ 14ರ ಜಯಂತಿಯನ್ನೂ ಹೊಸಪೇಟೆ, ಸಂಡೂರು, ಕಂಪ್ಲಿಗಳ ನಮ್ಮ ಕುಟುಂಬಗಳು ಕೊರೊನಾ ನಿರ್ಬಂಧದ ನಿಮಿತ್ತ ಮನೆಯೊಳಗೇ ಆಚರಿಸಬೇಕಾಯಿತು. ಇಷ್ಟಲಿಂಗವು ಅಂಗೈಯಲ್ಲಿಯೇ ಇರುವುದರಿಂದ ನಿತ್ಯಪೂಜೆಗೆ ಲೋಪ ಬರಲಿಲ್ಲ. ಆದರೆ ಸಾಮೂಹಿಕ ಪ್ರಾರ್ಥನೆಯೂ ದಾಸೋಹದ ಪಂಕ್ತಿಯೂ ಇಲ್ಲದ ಕೊರತೆಯನ್ನು ನಾವೆಲ್ಲರೂ ಅನುಭವಿಸಿದೆವು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಸೋಂಕು ಮಾತ್ರ ಲೋಕದಿಂದ ಅಳಿದಿಲ್ಲ. ಮುಚ್ಚಿದ ಸಭಾಭವನದಲ್ಲಿ ಒಕ್ಕೊರಲಿನಿಂದ ವಚನ ಹಾಡುವಾಗ ಬಾಯಿಂದ ಹೊರಡುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಬಹುಹೊತ್ತು ತೇಲುತ್ತಿರುತ್ತವೆ. ಆದುದರಿಂದ ಕಿಟಕಿ ಬಾಗಿಲುಗಳು ತೆರೆದಿರಲಿ. ಪಾದೋದಕ, ಪ್ರಸಾದ ಸ್ವೀಕರಿಸುವ ಮುನ್ನ ಸಾಬೂನಿನಿಂದ ಕೈ ತೊಳೆಯುವ ವ್ಯವಸ್ಥೆಯಿರಲಿ. ವೃದ್ಧರೂ ಮಧುಮೇಹ, ಉಬ್ಬಸವುಳ್ಳವರೂ ಮುಖಗವಸು ಧರಿಸಿ, ಗಾಳಿಯಾಡುವ ಕಡೆ ಕುಳಿತುಕೊಳ್ಳಲಿ.

ಹಂಪಿಯ ತೇರಿನ ದಟ್ಟಣೆಯಿಂದ ಮರಳಿ ಜ್ವರ, ಕೆಮ್ಮು ಕಾಣಿಸಿಕೊಂಡವರು ಗುಣವಾಗುವವರೆಗೆ ಸಭೆಗೆ ಬಾರದಿರುವುದು ಲೇಸು. ಕರೆದರೂ ಬರಲಿಲ್ಲವೆಂದು ನಾವು ಆಕ್ಷೇಪಿಸುವುದರಿಂದಲೇ ಎಷ್ಟೋ ಜನ ಸಂಕೋಚಪಟ್ಟು ಅಸ್ವಸ್ಥರಾಗಿದ್ದರೂ ಬರುತ್ತಾರೆ. ಅಂಥವರನ್ನು ವಿಚಾರಿಸಿಕೊಂಡು, ಅವರ ಮನೆ ಬಾಗಿಲಿಗೆ ಪ್ರಸಾದ ತಲುಪಿಸೋಣ. ಅದೂ ದಾಸೋಹವೇ. ಇಂದು ನಮ್ಮೊಡನೆ ಕುಳಿತ ಹಿರಿಯರು ಮುಂದಿನ ಜಯಂತಿಯ ಪಂಕ್ತಿಯಲ್ಲಿಯೂ ಇರಲೆಂಬುದೇ ನಮ್ಮ ಪ್ರಾರ್ಥನೆ.