ಹಡಗಿಲ್ಲದವರೆಲ್ಲ ಸೋತವರೇ?

ಹಡಗುಪಡೆ ಕಟ್ಟದಿದ್ದುದಕ್ಕೇ ಕರಾವಳಿಯ ಸಣ್ಣ ರಾಜ್ಯಗಳು ಪರಂಗಿಗಳಿಗೆ ಮಣಿದವು ಎಂಬ ಕಳೆದ ಸಂಚಿಕೆಯ ಲೇಖನವನ್ನು ದೇವನೂರಿನಲ್ಲಿ ಕೂತು ಓದಿದೆ. ಕಡಲೇ ಕಾಣದ ಕಡೂರು ಸೀಮೆಯವನಿಗೆ ಈ ಮಾತೇಕೆ ಎನ್ನಬೇಡಿ. ಕರಾವಳಿಯ ಬಲ ಘಟ್ಟದ ಮೇಲಿತ್ತು. ಲೇಖಕರು ನೋಡದೆ ಬಿಟ್ಟದ್ದು ಅದನ್ನೇ.

ಪೋರ್ಚುಗೀಸರು 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ನೆಲೆಯೂರಿದರು. 1650ರ ದಶಕದಲ್ಲಿ ಅವರನ್ನು ಅಲ್ಲಿಂದ ಹೊರಹಾಕಿದವನು ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಶಿವಪ್ಪನಾಯಕ. ಪೋರ್ಚುಗೀಸರಿಗೆ ಸಾಟಿಯಾಗುವ ಹಡಗುಪಡೆ ಅವನಿಗಿರಲಿಲ್ಲ. ಆದರೆ ಗೋವೆಯವರು ಉಣ್ಣುವ ಅಕ್ಕಿ, ಲಿಸ್ಬನ್ನಿಗೆ ಹೋಗುವ ಮೆಣಸು ಅವನ ನೆಲದಲ್ಲಿ ಬೆಳೆಯುತ್ತಿದ್ದವು. ಘಟ್ಟದ ದಾರಿ ಅವನ ಕೈಯಲ್ಲಿತ್ತು. ಸುತ್ತಲ ನಾಡು ಹಗೆಯಾದರೆ ದಡದ ಕೋಟೆ ಎಷ್ಟು ದಿನ ನಿಂತೀತು?

ಹಡಗು ಕಟ್ಟಿದವನ ಪಾಡನ್ನೂ ನೋಡೋಣ. 1763ರಲ್ಲಿ ಬಿದನೂರು ಗೆದ್ದ ಹೈದರ್ ಅಲಿ ಖರ್ಚಿಗೆ ಹಿಂಜರಿಯದೆ ನೌಕಾಪಡೆ ಕಟ್ಟಿದ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್‌ನ ಇಂಗ್ಲಿಷ್ ಪಡೆ ಮಂಗಳೂರಿನ ಹತ್ತಿರವೇ ಆ ಹಡಗುಗಳನ್ನು ನಾಶಮಾಡಿತು. ಮುಂದೆ ಇಂಗ್ಲಿಷರು ಮಂಗಳೂರು ಕೋಟೆಯನ್ನೂ ಹಿಡಿದರು. ಅದನ್ನು ಮರಳಿ ಗೆದ್ದದ್ದು ಹಡಗಲ್ಲ, ನೆಲದ ಮೇಲಿನಿಂದ ಟಿಪ್ಪು ಹಾಕಿದ ತಿಂಗಳುಗಟ್ಟಲೆಯ ಮುತ್ತಿಗೆ.

ಹಡಗೇ ಬೇಡ ಎಂದು ನಾನು ಹೇಳುತ್ತಿಲ್ಲ. 1665ರಲ್ಲಿ ಶಿವಾಜಿ ಕಡಲಿನಿಂದ ಬಂದು ಬಸ್ರೂರನ್ನು ಲೂಟಿ ಮಾಡಿದಾಗ ಕೆಳದಿಯವರಿಗೆ ತಡೆಯಲಾಗಲಿಲ್ಲ. ಆದರೆ ಲೂಟಿಯಾದ ಮೇಲೂ ಬಸ್ರೂರು ಕೆಳದಿಯದಾಗಿಯೇ ಉಳಿಯಿತು, ಬಿದನೂರು ಬೀಳುವವರೆಗೆ. ಬಿದನೂರು ಬಿದ್ದದ್ದು ಘಟ್ಟದ ಮೇಲಿನಿಂದ ಬಂದ ಸೈನ್ಯಕ್ಕೆ.