ಸೆನ್ಸಾರ್ ಬದಲಿಸಿದರೆ ಮುಗೀತಾ?

ನಮ್ಮೂರ ಕಡೆ ಅದಕ್ಕೆ ಹಿಟಾಚಿ ಅಂತಾರೆ, ಇಲ್ಲಿ ಪುಣೆಯಲ್ಲಿ ಪೋಕ್ಲೇನ್ ಅಂತಾರೆ. ಒಂದು ಜಪಾನಿನ ಕಂಪನಿಯ ಹೆಸರು, ಇನ್ನೊಂದು ಫ್ರಾನ್ಸಿನದು. ಯಂತ್ರ ಯಾರು ಮಾಡಿದ್ದಾದರೂ ಜನರ ಬಾಯಲ್ಲಿ ಹೆಸರು ಅದೇ! ಚೈನಿನ ಮೇಲೆ ಓಡುತ್ತಾ ಮಣ್ಣು ಅಗೆಯುವ ಆ ಯಂತ್ರದ ಬಗ್ಗೆ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂತವನಿಗೆ ಏನು ಗೊತ್ತು ಅಂತ ಕೇಳಬಹುದು. ಸಾಲ ಕೊಟ್ಟವರು ನಾವು ಸ್ವಾಮಿ. ಯಂತ್ರ ನಿಂತರೆ ಕಂತೂ ನಿಲ್ಲುತ್ತೆ. ಕಂತು 90 ದಿನ ಮೀರಿದರೆ ಆ ಖಾತೆ ಎನ್‌ಪಿಎ. ಹಾಗಾಗಿ ಯಂತ್ರ ಯಾಕೆ ನಿಂತಿತು ಅನ್ನೋದು ನಮಗೂ ಬೇಕಾದ ವಿಷಯವೇ.

ಈಗೀಗ ಕಂತು ತಪ್ಪಿದವರನ್ನು ಕೇಳಿದರೆ ಬರುವ ಉತ್ತರ ಒಂದೇ: "ಸರ, ಸೆನ್ಸಾರ್ ಹೋಗ್ಯಾದ ಅಂತ ಹೇಳ್ಯಾರ್ರಿ." ವಿಜಾಪುರ, ಕಲಬುರಗಿ ಕಡೆಯಿಂದ ಬಂದು, ಆಪರೇಟರ್ ಆಗಿ ದುಡಿದು, ಆಮೇಲೆ ಸ್ವಂತಕ್ಕೆ ಒಂದು ಮಷೀನ್ ಮಾಡಿಕೊಂಡವರು ಇವರು. ಒಂದೇ ಮಷೀನು, ಅದು ನಿಂತರೆ ಮನೆಯೂ ನಿಂತ ಹಾಗೆ.

ನನ್ನ ತಕರಾರು ಆ "ಸೆನ್ಸಾರ್ ಹೋಗಿದೆ" ಅನ್ನೋ ಮಾತಿನ ಮೇಲೇ. ಪರದೆಯ ಮೇಲೆ ಕೋಡ್ ಬಂತು ಅಂದರೆ ಸೆನ್ಸಾರ್ ಕೆಟ್ಟಿದೆ ಅಂತ ಅರ್ಥವಲ್ಲ. ಎಂಜಿನ್ನಿನ ಕಂಪ್ಯೂಟರ್‌ಗೆ, ಅಂದರೆ ಇಸಿಎಂಗೆ, ಆ ದಾರಿಯಿಂದ ಬಂದ ಸುದ್ದಿ ಸರಿ ಕಾಣುತ್ತಿಲ್ಲ ಅಂತ ಅರ್ಥ, ಅಷ್ಟೆ. ದಾರಿಯಲ್ಲಿ ಸೆನ್ಸಾರ್ ಇದೆ, ಕನೆಕ್ಟರ್ ಇದೆ, ಮೀಟರುಗಟ್ಟಲೆ ವೈರಿಂಗ್ ಇದೆ, ಅರ್ಥಿಂಗ್ ಇದೆ. ತಪ್ಪು ಎಲ್ಲಿ ಬೇಕಾದರೂ ಇರಬಹುದು. ಎಂಜಿನ್ ಅದುರುವಾಗ ಬ್ರಾಕೆಟ್ಟಿಗೆ ಉಜ್ಜಿ ವೈರಿನ ಸಿಪ್ಪೆ ಹೋಗುತ್ತೆ. ಪ್ರೆಶರ್ ವಾಶ್ ಮಾಡಿದಾಗ ಕನೆಕ್ಟರ್ ಒಳಗೆ ನೀರು ಹೊಕ್ಕು ಪಿನ್ ಹಸಿರುಗಟ್ಟುತ್ತೆ. ಮಳೆಗಾಲದಲ್ಲಿ ಯಂತ್ರ ನಿಂತಲ್ಲೇ ನಿಂತಿದ್ದರೆ ಇಲಿಗಳ ಕೈಚಳಕ ಬೇರೆ!

ಹಲವು ಯಂತ್ರಗಳು ಜೆ1939 ಅನ್ನೋ ಕ್ರಮದಲ್ಲಿ ಕೋಡ್ ತೋರಿಸುತ್ತವೆ (ಕೆಲವು ಕಂಪನಿಗಳದ್ದು ತಮ್ಮದೇ ಭಾಷೆ). ಅದರಲ್ಲಿ ಎರಡು ಸಂಖ್ಯೆ. ಮೊದಲನೆಯದು ಯಾವುದರ ದೂರು ಅಂತ ಹೇಳುತ್ತೆ, 100 ಅಂದರೆ ಎಂಜಿನ್ ಆಯಿಲ್ ಪ್ರೆಶರ್, 110 ಅಂದರೆ ಕೂಲಂಟ್‌ನ ಬಿಸಿ. ಎರಡನೆಯದು ದೂರು ಎಂಥದ್ದು ಅಂತ ಹೇಳುತ್ತೆ. 3 ಬಂದರೆ ವೋಲ್ಟೇಜ್ ಹೆಚ್ಚು, 4 ಬಂದರೆ ಕಡಿಮೆ, ಎರಡೂ ಕರೆಂಟಿನ ಕಥೆ. ಆದರೆ 1 ಬಂದರೆ? ಸೆನ್ಸಾರ್ ಹೇಳುತ್ತಿರುವುದು ನಂಬುವಂತಿದೆ, ಪ್ರೆಶರ್ ಅಪಾಯದ ಮಟ್ಟಕ್ಕೆ ಇಳಿದಿದೆ ಅಂತ. 100ರ ಜೊತೆ 4 ಬಂದರೆ ವೈರ್ ಹುಡುಕಬೇಕು. 100ರ ಜೊತೆ 1 ಬಂದರೆ ಕೂಡಲೇ ಎಂಜಿನ್ ಆಫ್ ಮಾಡಿ, ಆಯಿಲ್ ಮಟ್ಟ ನೋಡಿ, ಮೆಕ್ಯಾನಿಕಲ್ ಗೇಜ್ ಹಾಕಿ ನಿಜವಾದ ಪ್ರೆಶರ್ ಅಳೆಯಬೇಕು. ಅದನ್ನೂ "ಸೆನ್ಸಾರ್ ಬಿಡ್ರಿ" ಅಂತ ತಳ್ಳಿ ಹಾಕಿ ಓಡಿಸಿದರೆ ಬೇರಿಂಗ್ ಹೋಗಿ ಎಂಜಿನ್ನೇ ಜಾಮ್. ಇಷ್ಟು ದೊಡ್ಡ ವ್ಯತ್ಯಾಸ ಆ ಒಂದು ಅಂಕಿಯಲ್ಲಿದೆ. ಸೈಟಿನಲ್ಲಿ ಅದನ್ನು ಓದುವವರು ಯಾರು?

ಇನ್ನೊಂದು ವಿಷಯ ನನಗೆ ಬಹಳ ಸ್ವಾರಸ್ಯ ಅನಿಸಿತು. ಹಲವು ಸೆನ್ಸಾರ್‌ಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತೆ, ಒಂದೇ ಸಾಲಿನಿಂದ ಮೂರ್ನಾಲ್ಕಕ್ಕೆ. ಆ ಸಾಲಿನಲ್ಲಿ ಒಂದು ಸೆನ್ಸಾರ್ ಶಾರ್ಟ್ ಆದರೆ ಉಳಿದವೂ ಮಂಕಾಗುತ್ತವೆ, ಪರದೆ ತುಂಬ ಕೋಡ್. ನೋಡಿದವನಿಗೆ ನಾಲ್ಕೂ ಒಟ್ಟಿಗೆ ಸತ್ತ ಹಾಗೆ! ಒಂದೊಂದೇ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತು ಅಂತ ನೋಡಿದರೆ ಕಳ್ಳ ಸಿಗುತ್ತಾನೆ. ಒಂದು ಮಲ್ಟಿಮೀಟರ್ ಸಾಕು. ಕೂಲಂಟ್ ಸೆನ್ಸಾರ್‌ಗೂ ಸಾಮಾನ್ಯವಾಗಿ ಇಂಥದೇ ಸುಲಭದ ಪರೀಕ್ಷೆ ಇದೆ. ಕನೆಕ್ಟರ್ ಬಿಚ್ಚಿದರೆ ಕೋಡ್ 3ಕ್ಕೆ ಹೋಗಬೇಕು, ಅದರ ಎರಡು ಪಿನ್ ಸೇರಿಸಿದರೆ 4ಕ್ಕೆ. ಎರಡೂ ಬಂದರೆ ವೈರೂ ಇಸಿಎಂ ಕೂಡ ಕೆಲಸ ಮಾಡುತ್ತಿವೆ, ಆಗ ಸೆನ್ಸಾರ್ ಬದಲಿಸಿ, ಯಾರು ಬೇಡ ಅಂದರು?

ನಮ್ಮ ಗ್ರಾಹಕರೊಬ್ಬರ ಮಷೀನ್ ಚಾಕಣ ಹತ್ತಿರದ ಸೈಟಿನಲ್ಲಿ ಆಗಾಗ ತಾನೇ ಶಕ್ತಿ ಇಳಿಸಿಕೊಳ್ಳುತ್ತಿತ್ತು. ಸರ್ವಿಸ್‌ನವರು ಬಂದು ರೈಲ್ ಪ್ರೆಶರ್ ಸೆನ್ಸಾರ್ ಹಾಕಿದರು, ಮತ್ತೆ ಅದೇ ಕೋಡ್. ಇನ್ನೊಂದು ಹಾಕಿದರು. ಕೊನೆಗೆ ಇಸಿಎಂ ಬದಲಿಸಬೇಕು ಅಂತ ಎಸ್ಟಿಮೇಟ್ ಕೊಟ್ಟರು. ಆ ಕಾಗದ ಹಿಡಿದು ಅವರು ಟಾಪ್-ಅಪ್ ಸಾಲ ಕೇಳಲು ನನ್ನ ಮುಂದೆ ಬಂದು ಕೂತಿದ್ದರು. ಅಷ್ಟರಲ್ಲಿ ಲಾರಿ ವೈರಿಂಗ್ ಮಾಡುವ ಒಬ್ಬ ಎಲೆಕ್ಟ್ರಿಷಿಯನ್, ಇಗ್ನಿಷನ್ ಆನ್ ಮಾಡಿ ಹಾರ್ನೆಸ್ ಅನ್ನು ಗೇಣುಗೇಣಾಗಿ ಅಲ್ಲಾಡಿಸಿ ನೋಡಿ, ಕ್ಲಾಂಪಿನ ಅಡಿಯಲ್ಲಿ ಸವೆದ ವೈರ್ ಹಿಡಿದುಕೊಟ್ಟ. ತೆಗೆದುಕೊಂಡದ್ದು ಒಂದು ದಿನದ ಕೂಲಿ. ಅದಕ್ಕೂ ನಮ್ಮ ಗ್ರಾಹಕರು ಚೌಕಾಶಿ ಮಾಡಿದರಂತೆ, "ಬರೀ ಟೇಪ್ ಸುತ್ತ್ಯಾನ್ರಿ" ಅಂತ!

ಇಲ್ಲಿ ನಮ್ಮ ಜನರದ್ದೂ ತಪ್ಪಿದೆ. ಹಳೇ ಪಾರ್ಟ್ ಕೈಗೆ ಕೊಟ್ಟರೆ ಸಾವಿರಗಟ್ಟಲೆ ಬಿಚ್ಚುತ್ತಾರೆ, ತಲೆ ಓಡಿಸಿ ಹುಡುಕಿದ ಮೂರು ಗಂಟೆಗೆ ಕೊಡಲು ಮನಸ್ಸಿಲ್ಲ. ಡಾಕ್ಟರ್ ಗುಳಿಗೆ ಬರೆಯದಿದ್ದರೆ ಫೀಸು ಕೊಡಲು ಹಿಂಜರಿದ ಹಾಗೆ. ಹೀಗಿದ್ದ ಮೇಲೆ ಮೆಕ್ಯಾನಿಕ್ ಪಾರ್ಟ್ ಬದಲಿಸದೆ ಇನ್ನೇನು ಮಾಡಿಯಾನು?

ಆದರೆ ದೊಡ್ಡ ತಪ್ಪು ಕಂಪನಿಗಳದ್ದು ಅಂತ ನನ್ನ ಖಚಿತ ಅಭಿಪ್ರಾಯ. ವೈರಿಂಗ್ ಡಯಾಗ್ರಾಮ್ ಹೊರಗಿನ ಮೆಕ್ಯಾನಿಕ್‌ಗೆ ಸುಲಭಕ್ಕೆ ಸಿಗೋದಿಲ್ಲ. ಕೋಡ್ ಓದುವ ಸಾಫ್ಟ್‌ವೇರ್ ಡೀಲರ್ ಹತ್ತಿರ. ಅರ್ಧ ಕೋಟಿಯ ಆಸುಪಾಸಿನ ಯಂತ್ರ ಕೊಂಡವನಿಗೆ ತನ್ನ ಯಂತ್ರ ಏನು ಹೇಳುತ್ತಿದೆ ಅಂತ ಓದುವ ಹಕ್ಕಿಲ್ಲವೇ? ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ರೈತರ ಯಂತ್ರಗಳಿಗಾಗಿ ಇಂಥ ಕಾನೂನು ಮಾಡಿತು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ ಪೋರ್ಟಲ್ ತೆರೆಯಿತು. ಸಮಿತಿ ಮೊದಲಿಗೆ ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲ್, ಮನೆಬಳಕೆ ವಸ್ತು, ವಾಹನಗಳನ್ನು. ಮಣ್ಣು ಅಗೆಯುವ ಯಂತ್ರಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ.

ಅದು ಸೇರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ನೆಂಟರೋ ಊರವರೋ ಮಷೀನ್ ಕೊಳ್ಳಲು ಹೊರಟಿದ್ದರೆ ಹೀಗೆ ಹೇಳಿ: ಕೊಟೇಷನ್‌ನಲ್ಲೇ ಸರ್ವಿಸ್ ಮ್ಯಾನುಯಲ್, ವೈರಿಂಗ್ ಡಯಾಗ್ರಾಮ್, ಕೋಡ್‌ಗಳ ಪಟ್ಟಿ ಕೊಡುತ್ತೇವೆ ಅಂತ ಬರೆಸಿಕೊಳ್ಳಿ. ಮಾರ್ಜಿನ್ ಹಣ ಕಟ್ಟುವ ಮೊದಲೇ ಬರೆಸಿಕೊಳ್ಳಬೇಕು. ಬ್ಯಾಂಕಿನಿಂದ ಡೀಲರ್ ಖಾತೆಗೆ ದುಡ್ಡು ಹೋದ ಮೇಲೆ ಕೇಳಿದರೆ ಕೊಡುವವರನ್ನು ನಾನಿನ್ನೂ ನೋಡಿಲ್ಲ.