‘ಫಿಗರ್ ಔಟ್ ಮಾಡೋಣ’ ಸರಿ, ಯಾರು ಮಾಡೋದು?

ಪುಣೆಯ ಹಿಂಜವಡಿಯ ಮೀಟಿಂಗುಗಳಲ್ಲಿ ನಾನು ಅತಿ ಹೆಚ್ಚು ಕೇಳುವ, ಅತಿ ಕಡಿಮೆ ನಂಬುವ ಮಾತು ಒಂದೇ: ‘ಫಿಗರ್ ಔಟ್ ಮಾಡೋಣ.’

ಇದು ಇಂಗ್ಲಿಷ್ ವಿರೋಧಿ ಭಾಷಣವಲ್ಲ. ಅರ್ಜಿ, ಕಚೇರಿ, ಇಸ್ತ್ರಿ ಎಲ್ಲವೂ ಹೊರಗಿನಿಂದ ಬಂದು ನಮ್ಮವಾದ ಪದಗಳು. ‘ಜವಾಬ್ದಾರಿ’ ಕೂಡ ಎರವಲೇ. ಪದ ಎಲ್ಲಿಂದ ಬಂತು ಅನ್ನುವುದು ನನ್ನ ತಕರಾರಲ್ಲ. ಬಂದು ಏನನ್ನು ಓಡಿಸಿತು ಅನ್ನುವುದು.

ಇಂಗ್ಲಿಷಿನಲ್ಲಿ ‘ಫಿಗರ್’ ಅಂದರೆ ಅಂಕಿ. ಲೆಕ್ಕ ಹಾಕಿ ಉತ್ತರ ಕಂಡುಕೊಳ್ಳುವುದು ‘ಫಿಗರ್ ಔಟ್’. ಅಲ್ಲಿಯವರೂ ಅದನ್ನು ನುಣುಚಿಕೊಳ್ಳಲು ಬಳಸುವುದುಂಟು. ನಾವು ಅದಕ್ಕೆ ‘ಮಾಡೋಣ’ ಅಂಟಿಸಿ ನುಣುಚಿಕೊಳ್ಳುವುದನ್ನು ಇನ್ನೂ ಸಲೀಸು ಮಾಡಿದ್ದೇವೆ. ‘ಮಾಡೋಣ’ ಇಡೀ ಊರನ್ನು ಕರೆಯುತ್ತದೆ, ಯಾರ ಹೆಸರನ್ನೂ ಹೇಳುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಒಂದಲ್ಲ, ನಾಲ್ಕಾರು ಮಾತುಗಳಿವೆ. ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುತ್ತೇವೆ. ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕುತ್ತೇವೆ. ತಕರಾರು ಬಗೆಹರಿಸುತ್ತೇವೆ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುತ್ತೇವೆ. ಒಂದೊಂದೂ ಬೇರೆ ಕೆಲಸ, ಒಂದೊಂದಕ್ಕೂ ಬೇರೆ ಸಮಯ. ತಂಡದಲ್ಲಿ ಯಾರಾದರೂ ‘ಫಿಗರ್ ಔಟ್’ ಅಂದರೆ ನಾನು ಕೇಳುವುದು ಅದನ್ನೇ: ಇವುಗಳಲ್ಲಿ ಯಾವುದು? ಯಾರು? ಯಾವತ್ತಿಗೆ? ಕೇಳದೆ ಬಿಟ್ಟರೆ ಆ ಕೆಲಸ ರಾತ್ರಿ ಹನ್ನೊಂದಕ್ಕೆ ತಂಡದ ಅತಿ ಕಿರಿಯನ ತಲೆ ಮೇಲೆ ಬೀಳುತ್ತದೆ. ‘ಆಗಲ್ಲ’ ಅನ್ನುವ ಧೈರ್ಯ ಅವನಿಗಿನ್ನೂ ಬಂದಿರುವುದಿಲ್ಲ.

ಆಫೀಸಿನಲ್ಲಾದರೆ ಹೆಚ್ಚೆಂದರೆ ಒಂದು ರಿಲೀಸು ತಡವಾಗುತ್ತದೆ. ಆದರೆ ಈ ಮಾತು ಈಗ ನಮ್ಮ ಮನೆಗಳಿಗೂ ಬಂದಿದೆ. ಊರಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕು. ಮಕ್ಕಳು ಪುಣೆ, ಚೆನ್ನೈ, ದೆಹಲಿಯಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದ ಮೇಲೊಬ್ಬರು ‘ಫಿಗರ್ ಔಟ್ ಮಾಡೋಣ ಬಿಡು’ ಅನ್ನುತ್ತಾರೆ. ಎಲ್ಲರೂ ಒಪ್ಪಿದಂತೆ ಕಾಣುತ್ತದೆ, ರಜೆ ಮಾತ್ರ ಯಾರೂ ಹಾಕಿರುವುದಿಲ್ಲ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಊರಲ್ಲೇ ಉಳಿದ ತಂಗಿ. ಇಂಥ ಮನೆಗಳು ನಮ್ಮ ನಡುವೆ ಎಷ್ಟಿಲ್ಲ?

‘ಕನ್ನಡದಲ್ಲೂ “ನೋಡೋಣ” ಇದೆಯಲ್ಲ ಸಾರ್?’ ಅನ್ನಬಹುದು. ಇದೆ. ಆದರೆ ‘ನೋಡೋಣ’ ಅಂದರೆ ಕೆಲಸ ಆಗುವುದು ಅನುಮಾನ ಅಂತ ಕೇಳಿದವರಿಗೆ ಅರ್ಥವಾಗುತ್ತದೆ. ಅವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ‘ಫಿಗರ್ ಔಟ್’ ಹಾಗಲ್ಲ. ಕೆಲಸ ಆಗಲೇ ಶುರುವಾಗಿದೆ ಎಂಬ ಭ್ರಮೆ ಹುಟ್ಟಿಸಿ, ಕೇಳಿದವರನ್ನು ಸುಮ್ಮನೆ ಕೂರಿಸುತ್ತದೆ.

ಇಂಗ್ಲಿಷಿನಲ್ಲೇ ಹೇಳಿ, ಬೇಜಾರಿಲ್ಲ. ಆದರೆ ‘ನಾನು’ ಅಂತ ಶುರು ಮಾಡಿ, ತಾರೀಖು ಹೇಳಿ ಮುಗಿಸಿ.